ಪರಿಶೀಲಿಸಿದವರಿದ್ದರು, ಕೇಳುವವರಿರಲಿಲ್ಲ

ಸೂರಃ ಅಲ್ ಹುಜುರಾತ್‌ನ ಆರನೆಯ ವಚನ ನಮ್ಮ ಮಿಂಬರ್‌ಗಳಲ್ಲಿ ಆಗಾಗ ಕೇಳಿಬರುತ್ತದೆ. ನಂಬಲರ್ಹನಲ್ಲದವನೊಬ್ಬ ಸುದ್ದಿ ತಂದರೆ ಮೊದಲು ಅದನ್ನು ಪರಿಶೀಲಿಸಬೇಕು, ಇಲ್ಲವಾದರೆ ಅರಿಯದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಪರಿತಪಿಸಬೇಕಾದೀತು ಎಂಬುದು ಅದರ ಆಶಯ. ಈಚೆಗೆ ಜುಮಾ ಖುತ್ಬಾಗಳಲ್ಲಿ ಇದನ್ನು ಹೆಚ್ಚಾಗಿ ವಾಟ್ಸಾಪ್ ಫಾರ್ವರ್ಡ್‌ಗಳಿಗೆ ಅನ್ವಯಿಸಿ ಹೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಈ ವಚನದ ಹಿನ್ನೆಲೆಯಲ್ಲಿದ್ದದ್ದು ಬೀದಿಯ ಗಾಳಿಮಾತಲ್ಲ, ಒಂದು ಯುದ್ಧದ ಸಾಧ್ಯತೆ.

ತಫ್ಸೀರ್ ಗ್ರಂಥಗಳಲ್ಲಿ ಬರುವ ಪ್ರಕಾರ, ಬನೂ ಮುಸ್ತಲಿಕ್ ಗೋತ್ರದವರು ಇಸ್ಲಾಮ್ ಸ್ವೀಕರಿಸಿದ ಬಳಿಕ ಅವರಿಂದ ಝಕಾತ್ ಸಂಗ್ರಹಿಸಲು ಪ್ರವಾದಿ ಮುಹಮ್ಮದ್(ಸ)ರು ಒಬ್ಬರನ್ನು ಕಳುಹಿಸಿದ್ದರು. ಬರುವವರನ್ನು ಸ್ವಾಗತಿಸಲೆಂದು ಗೋತ್ರದ ಜನರು ಗುಂಪಾಗಿ ಹೊರಟು ಬಂದರು. ಹಳೆಯ ಹಗೆತನದ ನೆನಪಿದ್ದ ಆ ವ್ಯಕ್ತಿಗೆ ಗುಂಪನ್ನು ಕಂಡು ಭಯವಾಯಿತು. ಅರ್ಧ ದಾರಿಯಿಂದಲೇ ಮದೀನಕ್ಕೆ ಮರಳಿ, ಅವರು ಝಕಾತ್ ಕೊಡಲು ಒಪ್ಪಲಿಲ್ಲ, ನನ್ನನ್ನು ಕೊಲ್ಲಲು ಬಂದರು ಎಂದು ವರದಿ ಮಾಡಿದರು. ಸೇನೆ ಕಳುಹಿಸುವ ಮಾತು ಎದ್ದಿತು. ಮೊದಲು ಪರಿಶೀಲನೆಗಾಗಿ ಖಾಲಿದ್ ಬಿನ್ ವಲೀದ್(ರ)ರನ್ನು ಕಳುಹಿಸಲಾಯಿತು ಎಂದು ಒಂದು ವರದಿಯಲ್ಲಿದೆ. ಅವರು ಕಳುಹಿಸಿದ ಬೇಹಿನವರಿಗೆ ಅಲ್ಲಿ ಕೇಳಿಸಿದ್ದು ಅಝಾನ್. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಸುದ್ದಿ ತಂದವರು ಶತ್ರು ಪಾಳಯದವರಲ್ಲ. ಮತ್ತು ಅವರಿಗೆ ಆದ ಭಯ ನಿಜವಾದದ್ದೇ ಇರಬಹುದು.

2003ರ ಇರಾಕ್ ಯುದ್ಧದ ವಿಷಯ ಬಂದಾಗ ನಮ್ಮಲ್ಲಿ ಬಹಳ ಮಂದಿ ಒಂದೇ ವಾಕ್ಯದಲ್ಲಿ ಮಾತು ಮುಗಿಸುತ್ತಾರೆ: ಅಮೆರಿಕ ಸುಳ್ಳು ಹೇಳಿತು. ಈ ವಾಕ್ಯ ಸುಳ್ಳಲ್ಲ, ಆದರೆ ಸಾಲದು. ಆ ಸುಳ್ಳು ಹೇಗೆ ಕಟ್ಟಲ್ಪಟ್ಟಿತು, ಅದನ್ನು ಆಗಲೇ ಯಾರು ಯಾರು ಸಂಶಯಿಸಿದ್ದರು, ಅವರ ಮಾತು ಎಲ್ಲಿ ಹೂತುಹೋಯಿತು ಎಂದು ಕೇಳಿದರೆ ಉತ್ತರ ಸಿಗುವುದು ಕಡಿಮೆ. ಹಾಗಾಗಿ ಇಡೀ ಯುದ್ಧದ ಕಥೆ ಹೇಳುವ ಬದಲು ಒಂದು ಸಣ್ಣ ವಸ್ತುವಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ಅಲ್ಯೂಮಿನಿಯಂ ಕೊಳವೆ, ಅಡ್ಡಳತೆ 81 ಮಿಲಿಮೀಟರ್.

2001ರಲ್ಲಿ ಇಂಥ ಕೊಳವೆಗಳನ್ನು ಇರಾಕ್ ವಿದೇಶದಿಂದ ತರಿಸಿಕೊಳ್ಳುತ್ತಿರುವುದು ಅಮೆರಿಕಕ್ಕೆ ಗೊತ್ತಾಯಿತು. ಒಂದು ಸರಕು ಜೋರ್ಡಾನ್‌ನಲ್ಲಿ ಸಿಕ್ಕಿಬಿತ್ತು. ಗುಪ್ತಚರ ಸಂಸ್ಥೆ ಸಿಐಎಯ ವಿಶ್ಲೇಷಕರು, ಇವು ಯುರೇನಿಯಂ ಸಾಂದ್ರೀಕರಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ, ಅಂದರೆ ಅಣುಬಾಂಬಿಗೆ ಎಂದರು. ಅಮೆರಿಕದಲ್ಲಿ ಸೆಂಟ್ರಿಫ್ಯೂಜ್ ಬಗ್ಗೆ ನಿಜವಾಗಿ ತಿಳಿದವರು ಇರುವುದು ಸಿಐಎಯಲ್ಲಲ್ಲ, ಇಂಧನ ಇಲಾಖೆಯ ಪ್ರಯೋಗಾಲಯಗಳಲ್ಲಿ. ಅಲ್ಲಿನ ತಜ್ಞರು ಅದೇ ವರ್ಷ ಇದನ್ನು ಒಪ್ಪಲಿಲ್ಲ. ಕೊಳವೆ ತೀರಾ ಕಿರಿದು, ಗೋಡೆ ಬೇಕಾದದ್ದಕ್ಕಿಂತ ಬಹಳ ದಪ್ಪ, ಮೇಲಿನ ಲೇಪ ಸೆಂಟ್ರಿಫ್ಯೂಜ್‌ಗೆ ಬೇಕಿಲ್ಲದ್ದು. ಇನ್ನೂ ಮುಖ್ಯವಾದ ಸಂಗತಿ ಎಂದರೆ, ಇದೇ ಲೋಹ, ಇದೇ ಅಳತೆಯ ಕೊಳವೆಗಳಿಂದ ಇರಾಕ್ ವರ್ಷಗಳ ಹಿಂದೆಯೇ ಸಣ್ಣ ರಾಕೆಟ್‌ಗಳನ್ನು ಮಾಡುತ್ತಿತ್ತು. ಇಟಲಿಯ ಒಂದು ರಾಕೆಟ್‌ನ ನಕಲು ಅದು. ಲೇಪ ಏಕೆ ಬೇಕಾಯಿತು ಎಂಬುದಕ್ಕೂ ಸರಳ ಕಾರಣವಿತ್ತು: ಹೊರಗೆ ರಾಶಿ ಹಾಕಿದ್ದ ಹಳೆಯ ಕೊಳವೆಗಳು ಮಳೆಗೆ ಸವೆದುಹೋಗಿದ್ದವು.

ಇಲ್ಲಿಗೆ ವಿಷಯ ಮುಗಿಯಬೇಕಿತ್ತು. ಮುಗಿಯಲಿಲ್ಲ.

2002ರ ಸೆಪ್ಟೆಂಬರ್ 8ರ ಭಾನುವಾರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮುಖಪುಟದಲ್ಲಿ ಈ ಕೊಳವೆಗಳ ಸುದ್ದಿ ಪ್ರಕಟಿಸಿತು. ಮಾಹಿತಿ ಕೊಟ್ಟವರು ಹೆಸರು ಹೇಳದ ಸರಕಾರಿ ಅಧಿಕಾರಿಗಳು. ಅದೇ ದಿನ ಉಪಾಧ್ಯಕ್ಷ ಡಿಕ್ ಚೆನಿ ಟಿವಿಯಲ್ಲಿ ಕುಳಿತು ಆ ಪತ್ರಿಕೆಯ ಸುದ್ದಿಯನ್ನೇ ಆಧಾರವಾಗಿ ತೋರಿಸಿದರು. ರಾಷ್ಟ್ರೀಯ ಭದ್ರತಾ ಸಲಹೆಗಾರ್ತಿ ಕಾಂಡೊಲೀಝಾ ರೈಸ್ ಇನ್ನೊಂದು ವಾಹಿನಿಯಲ್ಲಿ, ಪಕ್ಕಾ ಸಾಕ್ಷ್ಯಕ್ಕೆ ಕಾಯುತ್ತಾ ಕುಳಿತರೆ ಆ ಸಾಕ್ಷ್ಯ ಅಣಬೆ ಮೋಡದ ರೂಪದಲ್ಲಿ ಬರಬಹುದು ಎಂಬ ಅರ್ಥದ ಮಾತಾಡಿದರು. ಸರಕಾರ ಪತ್ರಿಕೆಗೆ ಹೇಳಿತು, ಪತ್ರಿಕೆ ಜನರಿಗೆ ಹೇಳಿತು, ಸರಕಾರ ಪತ್ರಿಕೆಯನ್ನು ತೋರಿಸಿ ಜನರಿಗೆ ಮತ್ತೆ ಹೇಳಿತು. ಮೂರು ಬಾಯಿಂದ ಬಂದಂತೆ ಕಂಡದ್ದು ಒಂದೇ ಬಾಯಿಯ ಮಾತು. ನಮ್ಮ ಹದೀಸ್ ವಿದ್ವಾಂಸರು ಸನದ್ ಪರೀಕ್ಷಿಸುವಾಗ ವರದಿಗಾರನೇ ಅಜ್ಞಾತನಾಗಿದ್ದರೆ ವರದಿಯನ್ನು ದುರ್ಬಲವೆಂದು ಬದಿಗಿಡುತ್ತಿದ್ದರು. ಮದ್ರಸಾದ ವಿದ್ಯಾರ್ಥಿಗೂ ತಿಳಿದಿರುವ ಈ ನಿಯಮ ಆ ಭಾನುವಾರ ಜಗತ್ತಿನ ದೊಡ್ಡ ಪತ್ರಿಕೆಗೆ ನೆನಪಾಗಲಿಲ್ಲ.

ಅಕ್ಟೋಬರ್ 1ರಂದು ಸಿದ್ಧವಾದ 92 ಪುಟಗಳ ಗುಪ್ತ ವರದಿಯಲ್ಲಿ ಭಿನ್ನಮತವಿತ್ತು. ಕೊಳವೆಗಳ ಬಗ್ಗೆ ಇಂಧನ ಇಲಾಖೆ ಒಪ್ಪಿರಲಿಲ್ಲ. ವಿದೇಶಾಂಗ ಇಲಾಖೆಯದೇ ಗುಪ್ತಚರ ವಿಭಾಗವೂ ಒಪ್ಪಿರಲಿಲ್ಲ. ಮೂರು ದಿನ ಬಿಟ್ಟು ಸಾರ್ವಜನಿಕರಿಗೆಂದು ಬಿಡುಗಡೆಯಾದ ಕಿರು ಆವೃತ್ತಿಯಲ್ಲಿ ಈ ಭಿನ್ನಮತ ಕುಗ್ಗಿಹೋಯಿತು. ಯಾವ ಇಲಾಖೆ ಒಪ್ಪಲಿಲ್ಲ ಎಂಬುದೇ ಮಾಯ. ಪೂರ್ಣ ವರದಿ ಸಂಸತ್ ಸದಸ್ಯರಿಗೆ ಓದಲು ಲಭ್ಯವಿತ್ತು, ಓದಿದ ಸೆನೆಟರ್‌ಗಳು ಬೆರಳೆಣಿಕೆಯಷ್ಟು. ಓದಿದವರಲ್ಲಿ ಒಬ್ಬರು ಸೆನೆಟ್‌ನ ಗುಪ್ತಚರ ಸಮಿತಿಯ ಅಧ್ಯಕ್ಷ ಬಾಬ್ ಗ್ರಹಾಂ. ಅವರು ಯುದ್ಧದ ವಿರುದ್ಧ ಮತ ಹಾಕಿದರು. ಅಧ್ಯಕ್ಷ ಬುಷ್‌ಗೆ ಯುದ್ಧದ ಅಧಿಕಾರ ಕೊಡುವ ಮಸೂದೆ ಪ್ರತಿನಿಧಿ ಸಭೆಯಲ್ಲಿ 296-133, ಸೆನೆಟ್‌ನಲ್ಲಿ 77-23 ಮತಗಳಿಂದ ಅಂಗೀಕಾರವಾಯಿತು.

ನಂತರದ್ದು ಬಹಳ ಜನರಿಗೆ ನೆನಪಿರುವ ದೃಶ್ಯ. 2003ರ ಫೆಬ್ರವರಿ 5ರಂದು ವಿದೇಶಾಂಗ ಸಚಿವ ಕಾಲಿನ್ ಪವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಒಂದು ಪುಟ್ಟ ಸೀಸೆ ಎತ್ತಿ ಹಿಡಿದು ಮಾತಾಡಿದರು. ಬುಷ್ ಸರಕಾರದಲ್ಲಿ ಜಗತ್ತು ನಂಬುತ್ತಿದ್ದ ಮುಖ ಅವರದೊಂದೇ. ಕೊಳವೆಗಳ ಬಗ್ಗೆ ಭಿನ್ನಾಭಿಪ್ರಾಯವಿದೆ ಎಂದು ಅವರು ಹೇಳಿದರು ನಿಜ, ಹೇಳಿದ ಮರುಕ್ಷಣ ಅದನ್ನು ಬದಿಗೆ ಸರಿಸಿದರು. ಭಾಷಣದ ಕರಡಿನಲ್ಲಿದ್ದ ದುರ್ಬಲ ಅಂಶಗಳನ್ನು ಅವರದೇ ಇಲಾಖೆಯ ತಜ್ಞರು ಗುರುತು ಮಾಡಿ ಕೊಟ್ಟಿದ್ದರು. ಕೆಲವು ಬಿಟ್ಟುಹೋದವು, ಕೊಳವೆ ಉಳಿಯಿತು. ಆ ದಿನ ಮಂಡಳಿಯ ಸಭಾಂಗಣದ ಹೊರಗೆ, ಪತ್ರಕರ್ತರು ನಿಲ್ಲುವ ಜಾಗದಲ್ಲಿ ತೂಗುಹಾಕಿದ್ದ ಪಿಕಾಸೋ ಅವರ ಗೆರ್ನಿಕಾದ ಪ್ರತಿಕೃತಿಗೆ ನೀಲಿ ಪರದೆ ಹೊದಿಸಲಾಗಿತ್ತು. ಬಾಂಬು ದಾಳಿಯಲ್ಲಿ ಸತ್ತವರ ಚಿತ್ರ ಅದು. ಕ್ಯಾಮೆರಾಗಳಿಗೆ ಹಿನ್ನೆಲೆ ಸರಳವಾಗಿರಲಿ ಎಂದು ಹಾಗೆ ಮಾಡಿದೆವು ಎಂಬ ವಿವರಣೆ ಬಂತು.

ಪವೆಲ್ ಮಂಡಿಸಿದ ಬೇರೆ ಸಂಗತಿಗಳ ಸನದ್ ಕೂಡ ನೋಡಿ. ಲಾರಿಗಳ ಮೇಲೆ ಚಲಿಸುವ ಜೈವಿಕ ಅಸ್ತ್ರದ ಪ್ರಯೋಗಾಲಯಗಳಿವೆ ಎಂದದ್ದು ಜರ್ಮನಿಯಲ್ಲಿ ಆಶ್ರಯ ಕೇಳಿದ್ದ ಒಬ್ಬ ಇರಾಕಿಯ ಮಾತಿನ ಆಧಾರದ ಮೇಲೆ. ಗುಪ್ತ ದಾಖಲೆಗಳಲ್ಲಿ ಅವನ ಹೆಸರು ಕರ್ವ್‌ಬಾಲ್. ಯುದ್ಧಕ್ಕೆ ಮೊದಲು ಸಿಐಎ ಅವನನ್ನು ನೇರವಾಗಿ ವಿಚಾರಿಸಿರಲೇ ಇಲ್ಲ, ಜರ್ಮನರ ಮೂಲಕ ಬಂದ ವರದಿಯನ್ನೇ ನಂಬಿತ್ತು. ಸದ್ದಾಂನನ್ನು ಇಳಿಸಲು ಕಥೆ ಕಟ್ಟಿದೆ ಎಂದು ಅವನೇ 2011ರಲ್ಲಿ ಒಪ್ಪಿಕೊಂಡ.

ಇನ್ನೊಂದು ಇದಕ್ಕಿಂತ ಕಹಿ. ಇರಾಕ್ ಅಲ್ ಖಾಯಿದಾದವರಿಗೆ ರಾಸಾಯನಿಕ ಅಸ್ತ್ರಗಳ ತರಬೇತಿ ಕೊಟ್ಟಿದೆ ಎಂಬ ಮಾತಿನ ಮೂಲ ಇಬ್ನ್ ಅಲ್ ಶೈಖ್ ಅಲ್ ಲಿಬೀ ಎಂಬ ಬಂಧಿ. ಅವನನ್ನು ಅಮೆರಿಕ ಈಜಿಪ್ಟ್‌ಗೆ ಒಪ್ಪಿಸಿತ್ತು. ಹಿಂಸೆ ತಾಳಲಾರದೆ, ಕೇಳುವವರಿಗೆ ಬೇಕಾದ್ದನ್ನು ಹೇಳಿದೆ ಎಂದು ಅವನು ಬಳಿಕ ತಿಳಿಸಿದ. 2004ರಲ್ಲಿ ಸಿಐಎ ಆ ವರದಿಗಳನ್ನೇ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಯುದ್ಧ ಆರಂಭವಾಗಿ ವರ್ಷ ಕಳೆಯುತ್ತಾ ಬಂದಿತ್ತು. 2009ರಲ್ಲಿ ಅವನು ಲಿಬಿಯಾದ ಜೈಲಿನಲ್ಲಿ ಸತ್ತ. ಬಲಾತ್ಕಾರದಿಂದ ಪಡೆದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ ಎಂದು ನಮ್ಮ ಫುಕಹಾಗಳಲ್ಲಿ ಹೆಚ್ಚಿನವರು ಶತಮಾನಗಳ ಹಿಂದೆಯೇ ಬರೆದಿಟ್ಟದ್ದು ಕೇವಲ ಕೈದಿಯ ಮೇಲಿನ ಕರುಣೆಯಿಂದಲ್ಲ. ಹೊಡೆತ ತಿಂದವನ ಬಾಯಿಂದ ಬರುವುದು ಹೊಡೆಯುವವನ ಮಾತೇ.

ನೈಜರ್ ದೇಶದಿಂದ ಇರಾಕ್ ಯುರೇನಿಯಂ ಕೊಳ್ಳಲು ಹೊರಟಿತ್ತು ಎಂಬ ಪತ್ರಗಳ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಅವು ನಕಲಿ. ಒಂದು ಪತ್ರಕ್ಕೆ ಸಹಿ ಹಾಕಿದ್ದಾಗಿ ತೋರಿಸಿದ ಸಚಿವರು ಆ ಹುದ್ದೆ ಬಿಟ್ಟು ವರ್ಷಗಳೇ ಆಗಿದ್ದವು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಮುಹಮ್ಮದ್ ಅಲ್ ಬರಾದಿ 2003ರ ಮಾರ್ಚ್ 7ರಂದು ಭದ್ರತಾ ಮಂಡಳಿಯ ಮುಂದೆ ಇದನ್ನು ಹೇಳಿದರು. ಕೊಳವೆಗಳು ಸೆಂಟ್ರಿಫ್ಯೂಜ್‌ಗಾಗಿ ಎನ್ನಲು ಆಧಾರ ಸಿಕ್ಕಿಲ್ಲ ಎಂದೂ ಅದೇ ದಿನ ಹೇಳಿದರು. ಅಸ್ತ್ರ ತಪಾಸಣಾ ತಂಡದ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್, ಇರಾಕ್ ಏನನ್ನೋ ಬಚ್ಚಿಟ್ಟಿರಬಹುದು ಎಂದು ಸ್ವತಃ ಶಂಕಿಸಿದ್ದವರು. ಅವರು ಕೇಳಿದ್ದು ಇನ್ನೂ ಕೆಲವು ತಿಂಗಳ ಸಮಯ. ಅವರ ತಂಡ ಆವರೆಗೆ ನೂರಾರು ಸ್ಥಳಗಳನ್ನು ಶೋಧಿಸಿತ್ತು. ಕೇಳಿದ ತಿಂಗಳುಗಳು ಸಿಗಲಿಲ್ಲ. ಮಾರ್ಚ್ 20ರ ಮುಂಜಾನೆ ಬಗ್ದಾದ್ ಮೇಲೆ ಬಾಂಬುಗಳು ಬಿದ್ದವು.

ಈಗ ಸಂಶಯಪಟ್ಟವರ ಕಡೆ ಬರೋಣ. ಅಮೆರಿಕದ ವಿದೇಶ ನೀತಿಯನ್ನು ವಿರೋಧಿಸುವುದೆಂದರೆ ಮುಸ್ಲಿಮರು ಮತ್ತು ಎಡಪಂಥೀಯರ ಕೆಲಸ ಎಂಬ ಭಾವನೆ ನಮ್ಮ ಟಿವಿಯವರಲ್ಲಿ ಮಾತ್ರವಲ್ಲ, ನಮ್ಮಲ್ಲೂ ಇದೆ. 2002ರ ಆಗಸ್ಟ್‌ನಲ್ಲಿ ಇರಾಕ್ ಮೇಲೆ ದಾಳಿ ಬೇಡ ಎಂದು ವಾಲ್ ಸ್ಟ್ರೀಟ್ ಜರ್ನಲ್‌ನಲ್ಲಿ ಲೇಖನ ಬರೆದವರು ಬ್ರೆಂಟ್ ಸ್ಕೋಕ್ರಾಫ್ಟ್. ಅವರು ನಿವೃತ್ತ ಸೇನಾಧಿಕಾರಿ, ಹಿರಿಯ ಬುಷ್ ಅವರ ಭದ್ರತಾ ಸಲಹೆಗಾರರಾಗಿದ್ದವರು. ಅದೇ ವರ್ಷ ಸೆಪ್ಟೆಂಬರ್ 26ರಂದು ಅಂತಾರಾಷ್ಟ್ರೀಯ ಭದ್ರತೆಯ ವಿಷಯ ಕಲಿಸುವ 33 ಮಂದಿ ಪ್ರಾಧ್ಯಾಪಕರು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿಸಿದರು. ಜಾನ್ ಮಿಯರ್‌ಶೈಮರ್, ಸ್ಟೀಫನ್ ವಾಲ್ಟ್, ಕೆನೆತ್ ವಾಲ್ಟ್ಸ್ ಅವರಲ್ಲಿದ್ದರು. ಇವರು ಶಾಂತಿವಾದಿಗಳಲ್ಲ. ಬಲಾಬಲದ ಲೆಕ್ಕದಲ್ಲೇ ಜಗತ್ತನ್ನು ನೋಡುವವರು. ಆ ಲೆಕ್ಕದಲ್ಲೇ ಅವರು ಹೇಳಿದ್ದು: ಸದ್ದಾಂನನ್ನು ಹೆದರಿಕೆಯಿಂದಲೇ ತಡೆದಿಡಬಹುದು, ಯುದ್ಧ ಗೆದ್ದರೂ ಹೊರಬರುವ ದಾರಿ ಯಾರಿಗೂ ಗೊತ್ತಿಲ್ಲ, ಅಲ್ ಖಾಯಿದಾದ ಮೇಲಿನ ಗಮನ ಇದರಿಂದ ತಪ್ಪುತ್ತದೆ. ಮುಂದೆ ನಡೆದದ್ದನ್ನು ನೋಡಿದರೆ ಇವು ಭವಿಷ್ಯವಾಣಿಯಂತೆ ಕಾಣುತ್ತವೆ. ಆಗ ಅದು ಜಾಹೀರಾತಿನ ಜಾಗಕ್ಕೆ ಮಾತ್ರ ಅರ್ಹವಾಗಿತ್ತು.

ಪತ್ರಕರ್ತರಲ್ಲಿ ನೈಟ್ ರಿಡರ್ ಬಳಗದ ಜೋನಾಥನ್ ಲ್ಯಾಂಡೇ ಮತ್ತು ವಾರನ್ ಸ್ಟ್ರೋಬೆಲ್ ದೊಡ್ಡ ಅಧಿಕಾರಿಗಳನ್ನು ಬಿಟ್ಟು ಕೆಳಹಂತದ ವಿಶ್ಲೇಷಕರನ್ನು ಕೇಳಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಸಂಶಯ, ಬರೆದದ್ದೂ ಅದನ್ನೇ. ಸೆನೆಟ್‌ನಲ್ಲಿ 85 ವರ್ಷದ ರಾಬರ್ಟ್ ಬರ್ಡ್ ಎದ್ದು ನಿಂತು, ಯುದ್ಧದ ಹೊಸ್ತಿಲಲ್ಲಿ ಈ ಸದನ ಇಷ್ಟು ಮೌನವಾಗಿದೆಯಲ್ಲ ಎಂದು ದುಃಖಪಟ್ಟರು. ಬ್ರಿಟನ್‌ನಲ್ಲಿ ರಾಬಿನ್ ಕುಕ್ ಸಚಿವ ಸ್ಥಾನ ಬಿಟ್ಟರು. ಇವರಲ್ಲಿ ಹೆಚ್ಚಿನವರಿಗೆ ಇಸ್ಲಾಮಿನೊಡನೆ ಯಾವ ನಂಟೂ ಇರಲಿಲ್ಲ. ಪರಿಶೀಲಿಸಿ ಎಂಬ ಆಜ್ಞೆಯನ್ನು ಓದದೆಯೇ ಪಾಲಿಸಿದವರು. ಫೆಬ್ರವರಿ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಬೀದಿಗಿಳಿದ ಲಕ್ಷಾಂತರ ಜನರಲ್ಲೂ ಬಹುಪಾಲು ಇಂಥವರೇ.

ಅಮೆರಿಕವೇ ನೇಮಿಸಿದ ಶೋಧ ತಂಡ 2004ರ ಶರತ್ಕಾಲದಲ್ಲಿ ಅಂತಿಮ ವರದಿ ಕೊಟ್ಟಿತು. ಅಸ್ತ್ರ ಸಂಗ್ರಹ ಇರಲಿಲ್ಲ. ಅಣು ಯೋಜನೆ 1991ರಲ್ಲೇ ನಿಂತಿತ್ತು. ಕೊಳವೆಗಳು ರಾಕೆಟ್‌ಗಾಗಿಯೇ ಬಂದವು. ಟೈಮ್ಸ್ ಪತ್ರಿಕೆ ಆ ಮೇ ತಿಂಗಳಲ್ಲೇ ತನ್ನ ವರದಿಗಳು ಬೇಕಾದಷ್ಟು ಕಠಿಣವಾಗಿರಲಿಲ್ಲ ಎಂದು ಓದುಗರ ಮುಂದೆ ಒಪ್ಪಿಕೊಂಡಿತ್ತು. ದಾಖಲೆ ಸಿಕ್ಕ ಸಾವುಗಳನ್ನಷ್ಟೇ ಎಣಿಸುವ ಇರಾಕ್ ಬಾಡಿ ಕೌಂಟ್ ಲೆಕ್ಕದಲ್ಲಿ ಮೃತ ನಾಗರಿಕರು 1 ಲಕ್ಷ 80 ಸಾವಿರಕ್ಕೂ ಹೆಚ್ಚು. 2007ರ ಹೊತ್ತಿಗೆ ಸುಮಾರು 40 ಲಕ್ಷ ಇರಾಕಿಗಳು ಮನೆ ಬಿಟ್ಟಿದ್ದರು. ಬಗ್ದಾದ್ ಬಿದ್ದ ವಾರದಲ್ಲೇ ವಸ್ತುಸಂಗ್ರಹಾಲಯ ಲೂಟಿಯಾಯಿತು, ರಾಷ್ಟ್ರೀಯ ಗ್ರಂಥಾಲಯಕ್ಕೂ ವಕ್ಫ್ ಗ್ರಂಥಾಲಯಕ್ಕೂ ಬೆಂಕಿ ಬಿತ್ತು. ತೈಲ ಸಚಿವಾಲಯಕ್ಕೆ ಮಾತ್ರ ಕಾವಲಿತ್ತು.

ಇಲ್ಲಿಯವರೆಗೆ ಓದಿದವರು ತಲೆದೂಗಿರಬಹುದು. ಇನ್ನು ಮುಂದಿನದು ನಮ್ಮ ಬಗ್ಗೆ.

1991ರ ಯುದ್ಧದ ಕಾಲದಲ್ಲಿ ನಮ್ಮ ದೇಶದ ಅನೇಕ ಮುಸ್ಲಿಮ್ ಮನೆಗಳಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಸದ್ದಾಂ ಹುಸೇನ್ ಎಂದು ಹೆಸರಿಟ್ಟರು. ಅಮೆರಿಕವನ್ನು ಎದುರಿಸಿದ ಗಂಡಸು ಎಂಬ ಅಭಿಮಾನ. 2006ರ ಡಿಸೆಂಬರ್ 30ರಂದು, ಅಲ್ಲಿನ ಸುನ್ನಿಗಳಿಗೆ ಬಕ್ರೀದ್ ಆಗಿದ್ದ ಬೆಳಿಗ್ಗೆ, ಅವನನ್ನು ಗಲ್ಲಿಗೇರಿಸಿದ ರೀತಿಯಿಂದ ಆ ಅಭಿಮಾನ ಇನ್ನಷ್ಟು ಗಟ್ಟಿಯಾಯಿತು. ಆ ದಿನವನ್ನು ಆರಿಸಿದ್ದು ಕ್ರೌರ್ಯವೇ, ಸಂದೇಹವಿಲ್ಲ. ಆದರೆ 1988ರ ಮಾರ್ಚ್ 16ರಂದು ಹಲಬ್ಜ ಪಟ್ಟಣದ ಮೇಲೆ ಅವನ ವಿಮಾನಗಳು ವಿಷಾನಿಲ ಸುರಿದಾಗ ಸತ್ತ ಸುಮಾರು 5 ಸಾವಿರ ಕುರ್ದ್‌ಗಳು ಕೂಡ ಕಲಿಮಾ ಹೇಳುವವರೇ ಆಗಿದ್ದರು. ಅದೇ ವರ್ಷದ ಅನ್ಫಾಲ್ ಕಾರ್ಯಾಚರಣೆಯಲ್ಲಿ ಕೊಂದವರ ಸಂಖ್ಯೆ ಕನಿಷ್ಠ 50 ಸಾವಿರ ಎಂದು ಹ್ಯೂಮನ್ ರೈಟ್ಸ್ ವಾಚ್ ಅಂದಾಜಿಸಿದೆ. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಕುರ್‌ಆನಿನ ಒಂದು ಸೂರಃದ್ದು. ಇದಕ್ಕಿಂತ ದೊಡ್ಡ ಅಪಚಾರ ಬೇಕೇ? ಆ ವರ್ಷಗಳಲ್ಲಿ ಅಮೆರಿಕ ಅವನ ಬೆನ್ನಿಗಿತ್ತು ಎಂಬುದೂ ಇದೇ ಲೆಕ್ಕಕ್ಕೆ ಸೇರಬೇಕು. 1983ರ ಡಿಸೆಂಬರ್ 20ರಂದು ಬಗ್ದಾದ್‌ಗೆ ಹೋಗಿ ಅವನ ಕೈ ಕುಲುಕಿದ ರೇಗನ್ ಅವರ ದೂತ ಡೊನಾಲ್ಡ್ ರಮ್ಸ್‌ಫೆಲ್ಡ್. 2003ರಲ್ಲಿ ಅದೇ ವ್ಯಕ್ತಿ ಯುದ್ಧ ನಡೆಸಿದ ರಕ್ಷಣಾ ಸಚಿವ.

ಕರಾವಳಿಯ ಕುಟುಂಬಗಳಿಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. 1990ರ ಆಗಸ್ಟ್ 2ರಂದು ಇರಾಕಿ ಸೇನೆ ಕುವೈತ್‌ಗೆ ನುಗ್ಗಿದಾಗ ಅಲ್ಲಿ ದುಡಿಯುತ್ತಿದ್ದ ಭಾರತೀಯರಲ್ಲಿ ಮಂಗಳೂರು, ಉಡುಪಿ ಕಡೆಯವರೂ ಬಹಳ ಇದ್ದರು. ವರ್ಷಗಳ ಉಳಿತಾಯ ಬಿಟ್ಟು, ಮರಳುಗಾಡು ದಾಟಿ ಅಮ್ಮಾನ್ ಸೇರಿದರು. ಅಲ್ಲಿಂದ ಏರ್ ಇಂಡಿಯಾ ವಿಮಾನಗಳು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ತಾಯ್ನಾಡಿಗೆ ತಂದವು. ಮನೆಗೆ ಬರಿಗೈಯಲ್ಲಿ ಬಂದವರ ಪಾಲಿಗೆ ಸದ್ದಾಂ ವೀರನಾಗಿರಲಿಲ್ಲ.

ಕುವೈತ್‌ನ ಆ ದುಃಖವೂ ಸುಳ್ಳಿಗೆ ಬಂಡವಾಳವಾಯಿತು. ಅದೇ ಅಕ್ಟೋಬರ್ 10ರಂದು ನಯೀರಾ ಎಂಬ 15 ವರ್ಷದ ಹುಡುಗಿ ವಾಷಿಂಗ್ಟನ್‌ನಲ್ಲಿ ಸಂಸದರ ಮುಂದೆ, ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರ್‌ಗಳಿಂದ ಶಿಶುಗಳನ್ನು ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಎಂದು ಕಣ್ಣೀರಿಡುತ್ತಾ ಹೇಳಿದಳು. ಅಧ್ಯಕ್ಷರಿಂದ ಹಿಡಿದು ಎಲ್ಲರೂ ಆ ಕಥೆಯನ್ನು ಹೇಳಿದರು. ಆ್ಯಮ್ನೆಸ್ಟಿಯಂಥ ಸಂಸ್ಥೆಯೂ ಮೊದಲು ನಂಬಿ, ಆಮೇಲೆ ಹಿಂತೆಗೆಯಬೇಕಾಯಿತು. ಹುಡುಗಿ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಹೇಳಿಕೆಯ ಹಿಂದೆ ಇದ್ದದ್ದು ಹಿಲ್ ಆ್ಯಂಡ್ ನೋಲ್ಟನ್ ಎಂಬ ಪ್ರಚಾರ ಕಂಪೆನಿ ಎಂಬುದು 1992ರ ಜನವರಿಯಲ್ಲಿ ಬಯಲಾಯಿತು. ಕುವೈತ್ ಆಕ್ರಮಣ ನಿಜ, ಅಲ್ಲಿ ನಡೆದ ಕೊಲೆ ಲೂಟಿ ನಿಜ. ಶಿಶುಗಳ ಕಥೆ ಸುಳ್ಳು ಎಂದು ಗೊತ್ತಾದಾಗ ಅನೇಕರು ಉಳಿದದ್ದನ್ನೂ ನಂಬುವುದು ಬಿಟ್ಟರು. ಸುಳ್ಳು ಸೇರಿಸಿದವರು ಮಾಡಿದ ಅನ್ಯಾಯಗಳಲ್ಲಿ ಇದೂ ಒಂದು.

ನಮ್ಮ ಗುಂಪುಗಳಲ್ಲಿ ಇಂದು ಓಡಾಡುವ ಸಂಶಯ ಹೆಚ್ಚಾಗಿ ಈ ಬಗೆಯದು. ವಾಷಿಂಗ್ಟನ್ ಹೇಳಿದ್ದೆಲ್ಲ ಸುಳ್ಳು, ವಾಷಿಂಗ್ಟನ್‌ನ ಶತ್ರು ಹೇಳಿದ್ದೆಲ್ಲ ಸತ್ಯ. ಇಂಧನ ಇಲಾಖೆಯ ಆ ತಜ್ಞರು ಮಾಡಿದ್ದು ಇದಲ್ಲ. ಅವರು ಕೊಳವೆಯ ಗೋಡೆ ಅಳೆದರು. ಬ್ಲಿಕ್ಸ್ ಬೀಗ ತೆಗೆಸಿ ಗೋದಾಮು ನೋಡಿದರು. ಅಂಥ ಸಂಶಯಕ್ಕೆ ಶ್ರಮ ಬೇಕು, ಮತ್ತು ಅಳತೆ ನಮ್ಮ ಇಷ್ಟಕ್ಕೆ ವಿರುದ್ಧ ಬಂದರೆ ಒಪ್ಪುವ ಮನಸ್ಸೂ ಬೇಕು.

ಭಾರತದ ಪಾತ್ರವನ್ನೂ ಹೇಳದಿದ್ದರೆ ಅಪೂರ್ಣ. 2003ರ ಏಪ್ರಿಲ್ 8ರಂದು ಲೋಕಸಭೆ ಈ ಯುದ್ಧವನ್ನು ಖಂಡಿಸಿ ಸರ್ವಾನುಮತದ ನಿರ್ಣಯ ಮಾಡಿತು. ಆಕ್ರಮಿತ ಇರಾಕ್‌ಗೆ ಸೈನಿಕರನ್ನು ಕಳುಹಿಸಿ ಎಂದು ಅಮೆರಿಕ ಒತ್ತಾಯಿಸಿದಾಗ ವಾಜಪೇಯಿ ಸರಕಾರ ವಾರಗಟ್ಟಲೆ ಯೋಚಿಸಿ ಜುಲೈ 14ರಂದು ಇಲ್ಲ ಎಂದಿತು. ಯಾವ ಪಕ್ಷದ ಸರಕಾರವಾದರೇನು, ಆ ನಿರ್ಧಾರದಿಂದ ಎಷ್ಟೋ ಭಾರತೀಯ ಯೋಧರ ಮನೆಗಳಿಗೆ ಶವಪೆಟ್ಟಿಗೆ ಬರಲಿಲ್ಲ.

ಪವೆಲ್ ತಮ್ಮ ಭಾಷಣ ತಮ್ಮ ಬದುಕಿಗೆ ಅಂಟಿದ ಕಲೆ ಎಂದು 2005ರಲ್ಲಿ ಒಪ್ಪಿಕೊಂಡರು. 2002ರ ಅಕ್ಟೋಬರ್‌ನಲ್ಲಿ ಅಂಗೀಕಾರವಾದ ಯುದ್ಧಾಧಿಕಾರದ ಕಾನೂನು ಮಾತ್ರ ಕೊಳವೆಗಳ ಕಥೆ ಬಯಲಾದ ಮೇಲೂ ಜೀವಂತವಾಗಿಯೇ ಉಳಿಯಿತು. 2020ರ ಜನವರಿ 3ರಂದು ಬಗ್ದಾದ್ ವಿಮಾನ ನಿಲ್ದಾಣದ ಬಳಿ ಇರಾನಿನ ಸೇನಾನಿ ಖಾಸಿಂ ಸುಲೈಮಾನಿಯನ್ನು ಡ್ರೋನ್ ದಾಳಿಯಲ್ಲಿ ಕೊಂದಾಗ, ಅದಕ್ಕೆ ಟ್ರಂಪ್ ಸರಕಾರ ಕೊಟ್ಟ ಕಾನೂನಿನ ಆಧಾರಗಳಲ್ಲಿ ಇದೂ ಒಂದಾಗಿತ್ತು.